ನಿರುಪದ್ರವಿ ಹಾಡು

"ಒಂದು ಎರಡೂವರೆನಾದ್ರೂ ಹಾಕಿ ಸಾರ್. ನಾಳೆ ನಾನು ಜನಕ್ಕೆ ಮುಖ ತೋರಿಸ್ಬೇಕು."

ಕೈ ಹಿಸುಕಿಕೊಳ್ಳುತ್ತ ನಿಂತಿದ್ದ ಗಾಯಕನನ್ನು ಡಾಕ್ಟರ್ ಪಶುಪತಿ ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಬೆಳ್ಳಿ ಬಣ್ಣದ ಅಂಗಿ, ಕೂದಲಿಗೆ ನವಿಲು ಬಣ್ಣ, ಕತ್ತಿನಲ್ಲಿ ಸೈಕಲ್ ಚೈನಿನಂಥ ಸರ. ಅವನ ಹಾಡಿನ ಹೆಸರು 'ಊರಿಗೆ ಬೆಂಕಿ ನಾನು'. ಅದನ್ನು ಕೇಳಿಸಿಕೊಂಡ ಮೂವತ್ತು ಹುಡುಗ ಹುಡುಗಿಯರಲ್ಲಿ ಹನ್ನೊಂದು ಜನ ನಿದ್ದೆ ಹೋಗಿದ್ದರು.

"ನಿಮ್ಮ ಹಾಡಿಗೆ ಬಂದಿರೋದು ಪಾಯಿಂಟ್ ಒಂದು," ಎಂದರು ಪಶುಪತಿ. "ಹೋದ ವರ್ಷ ಈ ಹಾಲಿನ ಫ್ಯಾನ್ ಸದ್ದನ್ನ ಒಂದ್ಸಲ ಅಳೆದಿದ್ವಿ. ಅದಕ್ಕೆ ಪಾಯಿಂಟ್ ಎರಡು ಬಂದಿತ್ತು. ಹೋಗಿ ಬನ್ನಿ."

ಗಾಯಕ ಹೋದ. ಹೋಗುವಾಗ ಹಸಿರು ಮೊಹರಿನ ಪ್ರಮಾಣಪತ್ರವನ್ನು ಮಾತ್ರ ಮರೆಯದೆ ತೆಗೆದುಕೊಂಡ. ಅದರ ನಡುವೆ 'ನಿರುಪದ್ರವಿ' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಊರಿಗೆ ಬೆಂಕಿ ಹಚ್ಚಲು ಹೊರಟವನು ತಾನು ನಿರುಪದ್ರವಿ ಎಂಬ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಳ್ಳುವುದನ್ನು ನೋಡುವುದು ಪಶುಪತಿಯವರಿಗೆ ದಿನನಿತ್ಯದ ಮನರಂಜನೆಯಾಗಿತ್ತು.

ಮೈಸೂರಿನ ಒಂದು ಹಳೆಯ ಚಿತ್ರಮಂದಿರದಲ್ಲಿ ಪ್ರಭಾವ ಮಾಪನ ಕೇಂದ್ರ ತೆರೆದು ಆಗಲೇ ಹನ್ನೊಂದು ವರ್ಷ. ಎರಡು ಸಾವಿರದ ಐವತ್ತರ ಸುಮಾರಿಗೆ ಯಾರೋ ಮಂತ್ರಿಗೆ, ಹಾಡುಗಳಿಂದ ಯುವಕರು ಕೆಡುತ್ತಿದ್ದಾರೆ ಎಂಬ ಜ್ಞಾನೋದಯವಾಯಿತು. ಆ ಮಂತ್ರಿಯ ಮಗ ಕೆಟ್ಟಿದ್ದಕ್ಕೆ ಬೇರೆ ಕಾರಣಗಳು ಸಾಕಷ್ಟಿದ್ದವು, ಆದರೆ ಬೈಸಿಕೊಳ್ಳಲು ಹಾಡೇ ಸಲೀಸು. ಹಾಗೆ ಹುಟ್ಟಿದ್ದು ಹಾಡಿನ ಹೊಣೆ ಕಾಯ್ದೆ. ಹಾಡೊಂದರ ಪ್ರಭಾವ ನೂರಕ್ಕೆ ನಲವತ್ತು ದಾಟಿದರೆ, ಅದನ್ನು ಕೇಳಿದವರು ಮಾಡಿದ್ದಕ್ಕೆಲ್ಲ ಹಾಡಿದವರೇ ಹೊಣೆ, ಮೂರು ವರ್ಷ ಜೈಲು. ದಾಟದಿದ್ದರೆ ಹಸಿರು ಮೊಹರು. ಕಾಯ್ದೆಯ ಹದಿನಾಲ್ಕನೆಯ ಕಲಮನ್ನು ಪಶುಪತಿಯವರೇ ಬರೆದುಕೊಟ್ಟಿದ್ದರು: ನಿರುಪದ್ರವಿ ಎಂದು ಮೊಹರು ಬಿದ್ದ ಹಾಡನ್ನು ಯಾರೂ, ಎಲ್ಲಿಯೂ, ಯಾವ ಹೊತ್ತಿನಲ್ಲಿಯೂ ತಡೆಯತಕ್ಕದ್ದಲ್ಲ; ಹಾಡಿದವರ ಮೇಲಾಗಲಿ ಕೇಳಿದವರ ಮೇಲಾಗಲಿ ಯಾವುದೇ ಕ್ರಮ ಜರುಗಿಸತಕ್ಕದ್ದಲ್ಲ. ನೊಣ ಓಡಿಸಲು ಪೊಲೀಸರನ್ನು ಕಳಿಸಬೇಡಿ ಎಂಬುದನ್ನೇ ಅವರು ಕಾನೂನಿನ ಭಾಷೆಯಲ್ಲಿ ಹೇಳಿದ್ದರು.

ಹನ್ನೊಂದು ವರ್ಷದಲ್ಲಿ ನಾಲ್ಕು ಸಾವಿರ ಹಾಡು ಅಳೆದಾಗಿತ್ತು. ಅತಿ ಹೆಚ್ಚು ಬಂದದ್ದು ಎರಡು ಪಾಯಿಂಟ್ ಎಂಟು. ಅದೂ ಒಂದು ಬಟ್ಟೆ ಸೋಪಿನ ಜಾಹೀರಾತಿಗೆ. ಶಿಕ್ಷೆಗೆ ಹೆದರಬೇಕಾಗಿದ್ದ ಗಾಯಕರು ಈಗ ಅರ್ಧ ಅಂಕ ಜಾಸ್ತಿ ಹಾಕಿ ಎಂದು ಅಂಗಲಾಚುತ್ತಿದ್ದರು. ಹಾಕಿಸಿಕೊಂಡವರು ಒಬ್ಬರೂ ಇಲ್ಲ. ಪಶುಪತಿಯವರಿಗೆ ಜಗತ್ತಿನಲ್ಲಿ ಗೌರವವಿದ್ದ ಒಂದೇ ಒಂದು ವಸ್ತುವೆಂದರೆ ತಾವು ಕೊಡುತ್ತಿದ್ದ ಅಂಕೆ. ಅದನ್ನು ಅವರು ಯಾರಿಗಾಗಿಯೂ ಕೂದಲೆಳೆಯಷ್ಟು ಅತ್ತಿತ್ತ ಮಾಡಿದವರಲ್ಲ.

ಅವರ ತಾತ್ಸಾರಕ್ಕೆ ಹಿನ್ನೆಲೆಯೂ ಇತ್ತು. ಕಾಲೇಜಿನ ದಿನಗಳಲ್ಲಿ ಅವರು ಆರ್ಕೆಸ್ಟ್ರಾ ಒಂದರಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಗಣಪತಿ ಪೆಂಡಾಲಿನಲ್ಲಿ ತಾಯಿಯ ಹಾಡಿಗೆ ಗಳಗಳ ಅತ್ತು, ಚೀಟಿ ಕಳಿಸಿ ಮತ್ತೊಮ್ಮೆ ಹಾಡಿಸಿ, ಮತ್ತೊಮ್ಮೆ ಅತ್ತ ಮನುಷ್ಯನೊಬ್ಬ, ಕಾರ್ಯಕ್ರಮ ಮುಗಿದ ಮೇಲೆ ಪೆಂಡಾಲಿನ ಹಿಂದೆಯೇ ತನ್ನ ಮುದಿ ತಾಯಿಯನ್ನು, ಕೊಡೆ ಮರೆತು ಬಂದದ್ದಕ್ಕೆ, ಬಾಯಿಗೆ ಬಂದಂತೆ ಬೈಯುತ್ತಿದ್ದ. ಪಶುಪತಿ ಅಂದೇ ಕೀಬೋರ್ಡನ್ನು ಡಬ್ಬಕ್ಕೆ ಹಾಕಿದರು. ಆಮೇಲೆ ಭೌತಶಾಸ್ತ್ರದ ಮೇಷ್ಟರಾದರು, ಪರೀಕ್ಷೆಗಳಲ್ಲಿ ನಕಲು ಹಿಡಿಯುವ ತಂಡದ ಮುಖ್ಯಸ್ಥರಾದರು, ಸಾಕ್ಸಿನೊಳಗೆ ಚೀಟಿ ಇಟ್ಟವರನ್ನು ನಡಿಗೆಯಲ್ಲೇ ಗುರುತಿಸುವವರು ಎಂದು ಹೆಸರಾದರು. ಮಾಪಕವನ್ನು ಕಂಡುಹಿಡಿದದ್ದು ಅದಾದ ಮೇಲೆ.

ಮಾಪಕ ಅಂಥ ಪವಾಡವೇನೂ ಅಲ್ಲ. ಮನುಷ್ಯ ಒಂದು ಕೆಲಸ ಮಾಡುವ ಮೊದಲೇ ಅವನ ಮೈ ಅದಕ್ಕೆ ಅಣಿಯಾಗುತ್ತದೆ. ಏಳಬೇಕು ಅನ್ನಿಸುವ ಮುಂಚೆಯೇ ತೊಡೆ ಬಿಗಿಯುತ್ತದೆ, ಉಸಿರು ಬದಲಾಗುತ್ತದೆ. ಕುರ್ಚಿಯಡಿಯ ತೆಳ್ಳನೆಯ ಫಲಕವೊಂದು ಇದನ್ನು ಹಿಡಿಯುತ್ತಿತ್ತು. ಹಾಡಿಗೆ ಮೊದಲಿನ ಮೈ ಹೇಗಿತ್ತು, ಹಾಡಿನ ನಂತರ ಹೇಗಾಯಿತು, ಇವೆರಡರ ವ್ಯತ್ಯಾಸವೇ ಪ್ರಭಾವ. ಮೂವತ್ತು ಜನರ ಮೂವತ್ತು ಹಸಿರು ಗೆರೆಗಳು ನಿಯಂತ್ರಣ ಕೋಣೆಯ ಪರದೆಯ ಮೇಲೆ ಓಡುತ್ತಿದ್ದವು. ಕೇಳಲು ಬರುತ್ತಿದ್ದವರು ಕಾಲೇಜಿನ ಮಕ್ಕಳು. ಒಮ್ಮೆ ಬಂದು ಕೂತರೆ ಎರಡು ದಿನದ ಹಾಜರಾತಿ ಸಿಗುತ್ತಿತ್ತು. ಒಬ್ಬೊಬ್ಬರ ಕುರ್ಚಿಗೂ ಮೂರು ಕಡೆ ಪ್ಲೈವುಡ್ಡಿನ ಅಡ್ಡಹಲಗೆ. ಅದು ಪಶುಪತಿಯವರ ಸ್ವಂತ ವಿನ್ಯಾಸ. ಪಕ್ಕದವನು ಕಾಲು ಕುಣಿಸಿದರೆ ಇವನೂ ಕುಣಿಸುತ್ತಾನೆ, ಅದು ಹಾಡಿನ ಪ್ರಭಾವವಲ್ಲ, ನಕಲು ಎಂದು ಅವರು ವಾದಿಸಿದ್ದರು. ಕಾಯ್ದೆಯ ಮೇಲ್ವಿಚಾರಣೆ ಸಮಿತಿಯವರು ತಲೆದೂಗಿದ್ದರು. ಸಮಿತಿಯವರು ಊಟದ ಹೊತ್ತಿಗೆ ಎಲ್ಲದಕ್ಕೂ ತಲೆದೂಗುತ್ತಾರೆ.

ಇನ್ನು ಹಾಡು ಎಂಬುದು ಆ ಕಾಲದಲ್ಲಿ ಉಳಿದಿದ್ದಾದರೂ ಎಷ್ಟು. ಎಲ್ಲರ ಕಿವಿಯಲ್ಲೂ ಒಂದೊಂದು ಕಿವಿಮಣಿ. ಅದು ಧರಿಸಿದವನ ನಾಡಿ ನೋಡಿಕೊಂಡು ಆ ಗಳಿಗೆಗೆ ಆ ಒಬ್ಬನಿಗೆಂದೇ ಹಾಡು ಕಟ್ಟಿ ಕೇಳಿಸುತ್ತಿತ್ತು. ಕೇಳಿದ ಹಾಡು ಮತ್ತೆ ಬರುವುದಿಲ್ಲ, ಒಬ್ಬ ಕೇಳಿದ್ದನ್ನು ಇನ್ನೊಬ್ಬ ಕೇಳಿರುವುದಿಲ್ಲ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಎಂಟು ನೂರು ಮಕ್ಕಳು ಎಂಟು ನೂರು ಬೇರೆ ಬೇರೆ ಹಾಡಿಗೆ ಸದ್ದಿಲ್ಲದೆ ಕುಣಿಯುವುದನ್ನು ಪಶುಪತಿ ಒಮ್ಮೆ ನೋಡಿದ್ದರು. ಒಂದೇ ಒಂದು ಸಾಲನ್ನು ಇಬ್ಬರು ಸೇರಿ ಹಾಡಲಾರದ ಪೀಳಿಗೆ ಎಂದು ಅಂದು ಮನೆಗೆ ಬಂದು ಹೇಳಿದ್ದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ದುಃಖವಿರಲಿಲ್ಲ, ಗೆದ್ದ ಕಳೆಯಿತ್ತು.

ಬೆಳ್ಳಿ ಅಂಗಿಯವನು ಹೋದ ಮೇಲೆ ಮಾಪಕ ನಡೆಸುವ ನಸೀಮಾ ಒಂದು ಫೈಲು ತಂದಿಟ್ಟರು. ಕೇಂದ್ರ ಶುರುವಾದ ದಿನದಿಂದ ಜೊತೆಗಿದ್ದ ಆಕೆಗೆ ನಲವತ್ತು ದಾಟಿತ್ತು, ಮಾತು ಕಡಿಮೆ.

"ಈ ವರ್ಷದ ನೂರಾ ಹದಿನೆಂಟನೇ ನಂಬರು ಸಾರ್. ದೂರು ಬಂದಿರೋ ಹಾಡು."

ದೂರು ಕೊಟ್ಟದ್ದು ಊರಿಗೆಲ್ಲ ಊಟ, ಔಷಧಿ, ಕೊತ್ತಂಬರಿ ಸೊಪ್ಪು ತಲುಪಿಸುವ ದೊಡ್ಡ ಕಂಪನಿ. ಅದರ ಸವಾರರು ಮೂರು ವಾರದಿಂದ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಅಗ್ರಹಾರದ ಸರ್ಕಲ್ಲಿನಲ್ಲಿ ಗಾಡಿ ನಿಲ್ಲಿಸಿ, ಕಿವಿಮಣಿ ತೆಗೆದು, ಬಾಯಲ್ಲೇ ಒಂದು ಹಾಡು ಹೇಳಿಕೊಂಡು ಹನ್ನೆರಡು ನಿಮಿಷ ನಿಲ್ಲುತ್ತಿದ್ದರು. ಮೊದಲ ದಿನ ಆರು ಜನ, ಈಗ ಮುನ್ನೂರು. ಪೊಲೀಸರು ಹಾಡನ್ನು ಧ್ವನಿಮುದ್ರಿಸಿ ಕಳಿಸಿದ್ದರು. ಹಾಡು ಯಾರದೆಂದು ಗೊತ್ತಿಲ್ಲ. ಅಂಕೆ ನಲವತ್ತು ದಾಟಿದರೆ ಹುಡುಕುವುದು, ಇಲ್ಲದಿದ್ದರೆ ಬಿಡುವುದು, ಕಾಯ್ದೆ ಹಾಗೇ ಇತ್ತು. ದೂರು ಬಂದ ಹಾಡಿನ ಅಂಕೆಯನ್ನು ಮಾತ್ರ ಸಮಿತಿಯ ಮುಂದೆ ವಿಚಾರಣೆಯಲ್ಲಿ ಹೇಳಬೇಕಿತ್ತು.

ಪಶುಪತಿ ಹಾಡು ಹಾಕಿಸಿದರು. ಒಂದು ಹೆಣ್ಣು ದನಿ, ಯಾರದೆಂದು ಗುರುತು ಸಿಗದಷ್ಟು ಹಾರ್ನುಗಳ ಗದ್ದಲ.

*ನಿಲ್ಲೋ ಗಾಲಿ, ನಿಲ್ಲೋ ಗಾಲಿ,
ಉಸಿರು ಬರಲಿ ಹಿಂದಿನಿಂದ.
ನಾನು ಬಂದೆ ಮುಂದೆ ಮುಂದೆ,
ನನ್ನ ಬಿಟ್ಟು ಬಂದೆ ಹಿಂದೆ.*

"ಇಷ್ಟೇನಾ?"

"ಇಷ್ಟೇ ಸಾರ್. ಇದನ್ನೇ ತಿರುಗಿ ತಿರುಗಿ ಹೇಳ್ತಾರೆ."

"ಎರಡನೇ ಸಾಲಲ್ಲಿ ಶ್ರುತಿ ಎಲ್ಲಿಗೋ ಹೋಯ್ತು," ಎಂದರು ಪಶುಪತಿ. ಮೂವತ್ತು ಮಕ್ಕಳನ್ನು ಕೂರಿಸಿ ಅಳೆದರು. ಹಸಿರು ಗೆರೆಗಳು ಎಂದಿನಂತೆ ತಮ್ಮ ಪಾಡಿಗೆ ತಾವು ಓಡಿದವು. ಪಾಯಿಂಟ್ ನಾಲ್ಕು. ಮುನ್ನೂರು ಜನರನ್ನು ನಿಲ್ಲಿಸಿತು ಎನ್ನಲಾದ ಹಾಡು ಫ್ಯಾನಿಗಿಂತ ಒಂದಿಷ್ಟು ಮೇಲು, ಅಷ್ಟೇ.

"ಮೂರನೇ ಸಾಲಿನ ಹುಡುಗಿ ಕಣ್ಣೊರೆಸ್ಕೊಂಡ್ಲು ಸಾರ್," ಎಂದರು ನಸೀಮಾ.

"ಧೂಳು," ಎಂದು ಪಶುಪತಿ ತಮ್ಮ ಕೈಯಾರೆ ಅಂಕೆ ಬರೆದು ಸಹಿ ಹಾಕಿದರು.

ಮನೆಗೆ ಹೋದಾಗ ಹೆಂಡತಿ ವಿಶಾಲಾಕ್ಷಿ ಅಡಿಗೆಮನೆಯ ನೆಲದ ಮೇಲೆ ಕೂತು, ನೆನೆಸಿದ ಅವರೆಕಾಳನ್ನು ಹಿದುಕುತ್ತಿದ್ದರು. ಬೆರಳಿನ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಪಶುಪತಿ ಬಾಗಿಲಲ್ಲೇ ನಿಂತರು. ಕೈ ಒಂದು ತಾಳದಲ್ಲಿ ಹೋಗುತ್ತಿತ್ತು, ಬಾಯಿ ಗುನುಗುತ್ತಿತ್ತು. ಗುನುಗುತ್ತಿದ್ದದ್ದು ನೂರಾ ಹದಿನೆಂಟನೇ ನಂಬರು. 'ನಿಲ್ಲೋ ಗಾಲಿ' ಎಂಬಲ್ಲಿಗೆ ಬಂದಾಗ ಕೈ ತಾನಾಗಿ ಒಂದು ಗಳಿಗೆ ನಿಂತು, ಮತ್ತೆ ಹೊರಡುತ್ತಿತ್ತು.

"ಆ ಹಾಡು ನಿನಗೆಲ್ಲಿ ಸಿಕ್ತು?"

"ಎಲ್ಲಿ ಅಂದ್ರೆ? ನಿಮ್ಮ ಮಗಳು ಕಟ್ಟಿದ್ದು ರೀ ಇದು. ತಿಂಗಳಿಂದ ಸ್ನಾನದ ಮನೇಲಿ ಹಾಡ್ತಾಳೆ. ನಿಮ್ಮ ಕಿವಿಗೆ ಬೀಳಬೇಕಲ್ಲ."

ಪಶುಪತಿಗೆ ಮೊದಲು ನೆನಪಾದದ್ದು ಮೂರು ವರ್ಷ ಜೈಲು. ಇಳಾ ಪಶುಪತಿಯವರ ಒಬ್ಬಳೇ ಮಗಳು. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ಲೆಕ್ಕವನ್ನೆಲ್ಲ ಯಂತ್ರಗಳೇ ಮಾಡುವ ಕಾಲದಲ್ಲಿ ಕೆಲಸ ಸಿಗದೆ, ಕಂಪನಿಯ ಗಾಡಿ ಹತ್ತಿದ್ದಳು. ಮೈಸೂರಿನ ಸಂದಿಗೊಂದಿಗಳಲ್ಲಿ ಮನೆ ಹುಡುಕಿ ಮಹಡಿ ಹತ್ತುವ ಕೆಲಸ ಮಾತ್ರ ಇನ್ನೂ ಯಂತ್ರಕ್ಕೆ ಬಂದಿರಲಿಲ್ಲ. ಕೊತ್ತಂಬರಿ ಸೊಪ್ಪಿನ ಎಂ.ಎಸ್ಸಿ. ಎಂದು ಪಶುಪತಿ ಅವಳನ್ನು ಕರೆಯುತ್ತಿದ್ದರು. ಅವಳು ಅದಕ್ಕೆ ಉತ್ತರ ಕೊಡುವುದನ್ನು ಬಿಟ್ಟು ಒಂದು ವರ್ಷವಾಗಿತ್ತು.

ಪಾಯಿಂಟ್ ನಾಲ್ಕು ಎಂಬುದು ನೆನಪಾಗಿ ಜೀವ ಬಂತು. ಅಂಕೆ ಸುಳ್ಳು ಹೇಳುವುದಿಲ್ಲ, ಮಗಳು ಸುರಕ್ಷಿತ. ಇಳಾ ಬಂದು ಹೆಲ್ಮೆಟ್ ಇಡುತ್ತಿದ್ದ ಹಾಗೆಯೇ ಅವರು ಈ ಶುಭ ಸಮಾಚಾರ ಹೇಳಿದರು.

ಅವಳು ಅವರನ್ನೇ ನೋಡಿದಳು. "ಪಾಯಿಂಟ್ ನಾಲ್ಕಾ?"

"ಸಂತೋಷ ಪಡು. ನಲವತ್ತಾಗಿದ್ರೆ ಮೂರು ವರ್ಷ ಒಳಗಿರ್ತಿದ್ದೆ."

"ಅಪ್ಪ, ಮಾದೇಶ ಅಂತ ಒಬ್ಬ ಇದ್ದ, ನಮ್ಮ ಜೊತೆ ಓಡಿಸ್ತಿದ್ದ. ಹೋದ ತಿಂಗಳು ಸಿಗ್ನಲ್ಲಲ್ಲಿ ಬಿದ್ದು ಸತ್ತ. ನಾನು ಅವನ ಹಿಂದೇನೇ ಇದ್ದೆ." ಇಳಾ ದನಿ ಏರಿಸಲಿಲ್ಲ. "ಕಂಪನಿಯವರ ಕಿವಿಮಣಿ ಗೊತ್ತಲ್ಲ, ನಾಡಿಗಿಂತ ಒಂದು ಚೂರು ಮುಂದೆ ಹಾಡು ಓಡಿಸುತ್ತೆ. ನಾವು ಅದನ್ನ ಹಿಡಿಯಕ್ಕೆ ಹೋಗ್ತೀವಿ, ಅದು ಇನ್ನೂ ಒಂದು ಚೂರು ಮುಂದೆ. ಒಂಬತ್ತು ಗಂಟೆ ಹಂಗೇ ಓಡಿಸಿದ್ದ ಅವನು. ಬಿದ್ದವನ ಕಿವಿಯಿಂದ ಮಣಿ ತೆಗೆದು ನಾನು ಕಿವಿಗಿಟ್ಕೊಂಡೆ. ಅದಿನ್ನೂ ಹಾಡ್ತಾನೇ ಇತ್ತು. ಬೇಗ ಬೇಗ ಅಂತಾನೇ ಇತ್ತು."

ವಿಶಾಲಾಕ್ಷಿ ಕೈ ನಿಲ್ಲಿಸಿದರು.

"ಅವತ್ತು ಬಂದ ಹಾಡು ಇದು. ಮೊದಲ ದಿನ ಆರು ಜನ ಹೆದರಿಕೊಂಡು ನಿಂತ್ವಿ. ಈಗ ಮುನ್ನೂರು. ನೀವು ಪಾಯಿಂಟ್ ನಾಲ್ಕು ಅಂತೀರ. ಹಂಗಾದ್ರೆ ಮುನ್ನೂರು ಜನ ಸುಮ್ನೆ ನಿಂತಿದಾರಾ?"

"ಒಬ್ಬ ನಿಂತ ಅಂತ ಇನ್ನೊಬ್ಬ ನಿಂತಿರ್ತಾನೆ. ಅದಕ್ಕೆ ಪ್ರಭಾವ ಅನ್ನಲ್ಲ, ನಕಲು ಅಂತಾರೆ."

"ಹಾಡು ಅಂದ್ರೆ ಅದೇ ಅಲ್ವೇನಪ್ಪ?" ಎಂದಳು ಇಳಾ. "ನೀವು ಹಲಗೆ ಹೊಡೆದು ಒಬ್ಬೊಬ್ಬರನ್ನೇ ಕೂರಿಸ್ತೀರ. ಪರೀಕ್ಷೆ ಹಾಲಲ್ಲಿ ಯಾರಾದ್ರೂ ಹಾಡು ಕೇಳ್ತಾರಾ? ಮಣೆ ಹಾಕಿ ಒಬ್ಬೊಬ್ಬರನ್ನೇ ಒಂದೊಂದು ಕೋಣೇಲಿ ಕೂರಿಸಿ, ಮದುವೆ ಊಟದ ಗದ್ದಲ ಅಳೀತೀನಿ ಅಂದ ಹಾಗಾಯ್ತು. ನಾಳಿದ್ದು ವಿಚಾರಣೆಗೆ ನಾನೂ ಬರ್ತೀನಿ. ನಿಜವಾದ ನಂಬರು ಹೇಳಿ. ನಲವತ್ತು ದಾಟಿದ್ರೆ ಹಾಡು ನಂದು ಅಂತ ಅಲ್ಲೇ ಎದ್ದು ನಿಲ್ತೀನಿ. ಅಷ್ಟು ಯೋಗ್ಯತೆ ಅದಕ್ಕಿದ್ರೆ ಜೈಲಿಗೂ ಹೋಗ್ತೀನಿ."

"ಜೈಲು ಅಂದ್ರೆ ಅಜ್ಜಿ ಮನೆ ಅಂದ್ಕೊಂಡಿದೀಯ," ಎಂದು ಪಶುಪತಿ ಎದ್ದುಹೋದರು. ಆ ದಿನ ಹಿದುಕಿದ ಬೇಳೆ ಸಾರು ರುಚಿಯಾಗಿತ್ತು. ಯಾರೂ ಹಾಗೆಂದು ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಕೇಂದ್ರಕ್ಕೆ ಬಂದವರೇ ಅಡ್ಡಹಲಗೆಗಳನ್ನು ಬಿಚ್ಚಿಸಲು ಹೇಳಿದರು. ಮಗಳ ಮೇಲಿನ ನಂಬಿಕೆಯಿಂದಲ್ಲ, ಅವಳ ಮಾತು ಎಷ್ಟು ಪೊಳ್ಳೆಂದು ಅವಳ ಮುಖಕ್ಕೇ ತೋರಿಸಲು. ಶಾಸ್ತ್ರ ತಪ್ಪದಂತೆ ಮೊದಲು ಬೆಳ್ಳಿ ಅಂಗಿಯವನ 'ಬೆಂಕಿ'ಯನ್ನೇ ಹಾಕಿಸಿದರು. ಹಲಗೆಯಿಲ್ಲದ ಮೂವತ್ತು ಜನ ಒಬ್ಬರನ್ನೊಬ್ಬರು ನೋಡಿಕೊಂಡು ಆಕಳಿಸಿದರು. ಪಾಯಿಂಟ್ ಮೂರು. ಪಶುಪತಿಗೆ ಖುಷಿಯಾಯಿತು.

"ಈಗ ನೂರಾ ಹದಿನೆಂಟು ಹಾಕಿ."

ಮೊದಲ ಸಾರಿ ಏನೂ ಆಗಲಿಲ್ಲ. ಎರಡನೆಯ ಸಾರಿ ಮುಂದಿನ ಸಾಲಿನ ಒಬ್ಬ ಹುಡುಗಿ ಬಲಗೈಯನ್ನು ತೊಡೆಯ ಮೇಲೆ ಊರಿದಳು. ಪಕ್ಕದವನು ಅದನ್ನು ನೋಡಿದ. ಅವನ ಹಿಂದಿನವಳು ಅವನನ್ನು ನೋಡಿದಳು. ಪರದೆಯ ಮೇಲೆ ತಲೆಕೆದರಿದ ಕೂದಲಿನಂತೆ ಓಡುತ್ತಿದ್ದ ಗೆರೆಗಳಲ್ಲಿ ಮೂರು ಹತ್ತಿರ ಬಂದವು, ಆಮೇಲೆ ಏಳು, ಆಮೇಲೆ ಎಷ್ಟೆಂದು ಎಣಿಸಲಾಗಲಿಲ್ಲ. ಯಾರೋ ಜಡೆ ಹೆಣೆದಂತೆ ಎಲ್ಲವೂ ಸೇರಿ ಒಂದಾದವು. ಕೆಳಗೆ ಹಾಲಿನಲ್ಲಿ ಮಕ್ಕಳು ಬಾಯಿ ತೆರೆದು ಹಾಡುತ್ತಿದ್ದರು. ತೊಂಬತ್ತು ಭಾಗ ಅಪಶ್ರುತಿ. ಹಾಡು ನಿಂತ ಮೇಲೂ ಯಾರೂ ಹಾಜರಾತಿ ಚೀಟಿಗೆಂದು ಏಳಲಿಲ್ಲ. ಇಷ್ಟು ವರ್ಷದಲ್ಲಿ ಹಾಜರಾತಿ ಚೀಟಿ ಮರೆತವರನ್ನು ಪಶುಪತಿ ನೋಡಿದ್ದು ಇದೇ ಮೊದಲು.

ಮಾಪಕದ ಮುಳ್ಳು ಎಪ್ಪತ್ತೊಂದರಲ್ಲಿ ನಿಂತಿತ್ತು.

"ನಿಮಗೆ ಇದು ಮೊದಲೇ ಗೊತ್ತಿತ್ತಾ?" ಎಂದು ಅವರು ನಸೀಮಾರನ್ನು ಕೇಳಿದರು.

"ಅನುಮಾನ ಇತ್ತು ಸಾರ್. ಮೊದಲನೇ ವರ್ಷದಿಂದ."

"ಯಾಕೆ ಹೇಳಲಿಲ್ಲ?"

"ನೀವು ಯಾರನ್ನಾದ್ರೂ ಏನಾದ್ರೂ ಕೇಳಿದ್ದು ಇವತ್ತೇ ಮೊದಲು ಸಾರ್."

ಪಶುಪತಿ ಹಳೆಯ ಫೈಲುಗಳ ಕಪಾಟಿನತ್ತ ನೋಡಿದರು. ನಾಲ್ಕು ಸಾವಿರ ಹಾಡುಗಳಲ್ಲಿ ಎಷ್ಟರ ಅಂಕೆ ಸುಳ್ಳೋ ಇನ್ನು ಯಾರು ಹೇಳಬೇಕು. ನಕಲು ಹಿಡಿಯುವ ಚಟದಲ್ಲಿ ಅವರು ಹಾಡಿನ ಕತ್ತನ್ನೇ ಹಿಡಿದು ಕೂತಿದ್ದರು. ಜಗತ್ತಿನಲ್ಲಿ ಮಿಕ್ಕವರೆಲ್ಲ ದಡ್ಡರು ಎಂದುಕೊಂಡಿದ್ದವರಿಗೆ, ದಡ್ಡರ ಸಾಲಿನಲ್ಲಿ ಮೊದಲ ಕುರ್ಚಿ ತಮ್ಮದೇ ಎಂದು ತಿಳಿದಾಗ ಆಗುವ ಅವಮಾನ ಸಣ್ಣದಲ್ಲ. ಅದಕ್ಕಿಂತ ದೊಡ್ಡದು ಅದರ ಹಿಂದೆಯೇ ಬಂತು. ಎಪ್ಪತ್ತೊಂದು ಎಂದರೆ ಮೂರು ವರ್ಷ. ನಾಳೆ ಆ ಅಂಕೆ ಅವರ ಬಾಯಿಂದ ಬಿದ್ದ ಕ್ಷಣ ಇಳಾ ಎದ್ದು ನಿಲ್ಲುತ್ತಾಳೆ. ಅವಳು ನಿಲ್ಲುತ್ತೇನೆ ಎಂದರೆ ನಿಲ್ಲುವವಳೇ.

ನಸೀಮಾ ದಾಖಲೆ ಪುಸ್ತಕವನ್ನು ಮುಂದಿಟ್ಟು ಪೆನ್ನಿನ ಮುಚ್ಚಳ ತೆಗೆದುಕೊಟ್ಟರು. "ಬರೀತೀರಾ ಸಾರ್?"

ಅವರು ಪೆನ್ನನ್ನು ಪುಟದವರೆಗೆ ತಂದರು. ಆಮೇಲೆ ಮುಚ್ಚಳ ಹಾಕಿ ವಾಪಸ್ಸು ಕೊಟ್ಟರು.

"ಬೇಡ," ಎಂದರು.

ವಿಚಾರಣೆಗೆ ಸಮಿತಿಯ ಐದೂ ಜನ ಬಂದಿದ್ದರು, ಏಕೆಂದರೆ ಕಂಪನಿಯವರು ಬಾದಾಮಿ ಹಾಲಿನ ಏರ್ಪಾಡು ಮಾಡಿದ್ದರು. ಅಧ್ಯಕ್ಷರು ನಿವೃತ್ತ ಅಧಿಕಾರಿ. ಕಿವಿಯಲ್ಲಿ ಕಿವಿಮಣಿ ಇಟ್ಟುಕೊಂಡೇ ಕೂತಿದ್ದರು. ಹಿಂದಿನ ಬೆಂಚುಗಳಲ್ಲಿ ಇಪ್ಪತ್ತು ಸವಾರರು, ಅವರ ನಡುವೆ ಇಳಾ. ಹಾಡನ್ನು ಅಳೆದ ಅಧಿಕಾರಿಯೂ ಅವಳೂ ಅಪ್ಪ ಮಗಳು ಎಂಬುದು ನಸೀಮಾ ಒಬ್ಬರನ್ನು ಬಿಟ್ಟು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಸೀಮಾಗೂ ಯಾರೂ ಹೇಳಿರಲಿಲ್ಲ. ಇಬ್ಬರ ಹುಬ್ಬು ನೋಡಿ ತಿಳಿದುಕೊಂಡಿದ್ದರು.

ಕಂಪನಿಯ ವಕೀಲ ಅರ್ಧ ಗಂಟೆ ಮಾತಾಡಿದ. ಈ ಹಾಡು ಯುವಕರನ್ನು ಸಮೂಹ ಸನ್ನಿಗೆ ಒಳಪಡಿಸಿದೆ, ಇಂದು ಹನ್ನೆರಡು ನಿಮಿಷ ನಿಂತವರು ನಾಳೆ ಇಡೀ ದಿನ ನಿಲ್ಲುತ್ತಾರೆ ಎಂದ. ಹಾಡಿಗೆ ಇಷ್ಟು ಮರ್ಯಾದೆ ಕೊಟ್ಟ ಮಾತುಗಳನ್ನು ಪಶುಪತಿ ಜನ್ಮದಲ್ಲಿ ಕೇಳಿರಲಿಲ್ಲ. ಆ ಕೋಣೆಯಲ್ಲಿ ನಿಜ ಹೇಳುತ್ತಿದ್ದವನು ಅವನೊಬ್ಬನೇ.

"ಡಾಕ್ಟರೇ, ಅಂಕೆ ಎಷ್ಟು?" ಎಂದರು ಅಧ್ಯಕ್ಷರು.

ಪಶುಪತಿ ಎದ್ದರು. ಬೆನ್ನಿನ ಮೇಲೆ ಮಗಳ ಕಣ್ಣು ನೆಟ್ಟಿರುವುದು ಗೊತ್ತಾಗುತ್ತಿತ್ತು.

"ಪಾಯಿಂಟ್ ನಾಲ್ಕು," ಎಂದರು.

ವಕೀಲ ಎದ್ದ. "ಮಾಪಕವನ್ನು ಬೇರೆ ಯಾವುದಾದರೂ ಕ್ರಮದಲ್ಲಿ ಪರೀಕ್ಷಿಸಿ ನೋಡಿದ್ದೀರಾ?"

ನಸೀಮಾ ತಲೆ ತಗ್ಗಿಸಿ ಉಗುರು ನೋಡಿಕೊಂಡರು.

"ಕೈಪಿಡಿಯಲ್ಲಿ ಇರೋದು ಒಂದೇ ಕ್ರಮ," ಎಂದರು ಪಶುಪತಿ. "ಸ್ವಾಮಿ, ನೀವು ಸನ್ನಿ ಗಿನ್ನಿ ಅಂತ ದೊಡ್ಡ ದೊಡ್ಡ ಮಾತಾಡ್ತಿದೀರಿ. ನೀವು ಆ ಹಾಡು ಕೇಳಿದೀರಾ? ನಾನು ಕೇಳಿದೀನಿ. ನಾಲ್ಕು ಸಾಲು. ಮೊದಲನೇ ಸಾಲಲ್ಲಿ ಒಂದೇ ಮಾತು ಎರಡು ಸಲ. ರಾಗ ಅನ್ನೋದು ಆ ಕಡೆ ತಲೆ ಹಾಕಿಲ್ಲ. ಕುಕ್ಕರ್ ಸೀಟಿಗೆ ಇದಕ್ಕಿಂತ ಶ್ರುತಿ ಇರುತ್ತೆ. ಕಟ್ಟಿದವರಿಗೆ ಹಾಡೂ ಗೊತ್ತಿಲ್ಲ, ಪದಾನೂ ಗೊತ್ತಿಲ್ಲ; ಮಾಡಕ್ಕೆ ಬೇರೆ ಕೆಲಸ ಇಲ್ಲದೆ ಬಾಯಿಗೆ ಬಂದದ್ದು ಹೇಳಿದಾರೆ. ಈ ಹಾಡಿಂದ ಯಾರೂ ನಿಂತಿಲ್ಲ. ಸುಸ್ತಾಗಿ ನಿಂತಿದಾರೆ. ನಿಂತವರು ಬಾಯಿ ಬೇಜಾರು ಕಳೆಯಕ್ಕೆ ಏನೋ ಒಂದು ಗುನುಗಿದಾರೆ. ಈ ಕಾಲದ ಹುಡುಗರನ್ನ ನಿಲ್ಲಿಸೋ ಶಕ್ತಿ ಇರೋ ಹಾಡು ಇನ್ನೂ ಹುಟ್ಟಿಲ್ಲ, ಹುಟ್ಟೋದೂ ಇಲ್ಲ."

ಸಮಿತಿಯವರು ನಕ್ಕರು. ಅಧ್ಯಕ್ಷರು ಕಣ್ಣೊರೆಸಿಕೊಂಡು ನಕ್ಕರು. ಹನ್ನೊಂದು ವರ್ಷದಿಂದ ಪಶುಪತಿ ಇಂಥ ಮಾತನ್ನು ಮನಸಾರೆ ಆಡಿದ್ದರು. ಇಂದು ಮೊದಲ ಬಾರಿಗೆ ನಟಿಸಿದರು, ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಎದ್ದು ಹೊರಗೆ ಹೋದ ಸದ್ದಾಯಿತು. ಹೆಲ್ಮೆಟ್ ಬಾಗಿಲಿಗೆ ಬಡಿಯಿತು. ಅವರು ತಿರುಗಿ ನೋಡಲಿಲ್ಲ, ನೋಡಿದ್ದರೆ ಮಾತು ಮುಂದಕ್ಕೆ ಹೋಗುತ್ತಿರಲಿಲ್ಲ.

"ನಿರುಪದ್ರವಿ," ಎಂದು ಅಧ್ಯಕ್ಷರು ಹಸಿರು ಮೊಹರು ಒತ್ತಿದರು.

"ಹಾಗಾದ್ರೆ ಹದಿನಾಲ್ಕನೇ ಕಲಮು ಇದಕ್ಕೂ ಅನ್ವಯಿಸುತ್ತೆ ಅಂತ ಆದೇಶದಲ್ಲಿ ಬರೆಸಿಬಿಡಿ," ಎಂದರು ಪಶುಪತಿ, ಕನ್ನಡಕ ಒರೆಸುತ್ತ. "ಪದ್ಧತಿ."

ಅಧ್ಯಕ್ಷರು ಓದದೆ ಸಹಿ ಹಾಕಿದರು. ವಕೀಲ ಮಾತ್ರ ಬಾದಾಮಿ ಹಾಲಿನ ಲೋಟ ಹಿಡಿದುಕೊಂಡು ಆ ಕಲಮನ್ನು ಎರಡು ಸಲ ಓದಿದ. ಎರಡನೆಯ ಸಲ ಓದುವಾಗ ಅವನ ಮುಖ ಇಳಿಯಿತು. ಅಷ್ಟು ಹೊತ್ತಿಗೆ ಸಮಿತಿ ಎದ್ದಿತ್ತು.

ಇಳಾ ನಾಲ್ಕು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಅವರು ಹಜಾರಕ್ಕೆ ಬಂದರೆ ಅವಳು ಅಡಿಗೆಮನೆಗೆ ಹೋಗುತ್ತಿದ್ದಳು. ಸ್ನಾನದ ಮನೆಯಿಂದ ನೀರಿನ ಸದ್ದು ಮಾತ್ರ ಬರುತ್ತಿತ್ತು. ವಿಶಾಲಾಕ್ಷಿ ಇಬ್ಬರಿಗೂ ಬೇರೆ ಬೇರೆಯಾಗಿ ತಟ್ಟೆ ಹಾಕಿ, ಇಬ್ಬರನ್ನೂ ಒಟ್ಟಿಗೆ ಬೈದರು. ಪಶುಪತಿ ಏನೆಂದು ಹೇಳುವುದು. ಹಾಡು ಒಳ್ಳೆಯದು ಎಂದರೆ ಅಂಕೆ ಸುಳ್ಳು, ಅಂಕೆ ನಿಜ ಎಂದರೆ ಹಾಡು ಸುಳ್ಳು.

ಐದನೆಯ ದಿನ ಸೋಮವಾರ. ಹನ್ನೊಂದೂವರೆಗೆ ನಸೀಮಾ ಬಂದು, ಹಲಗೆಗಳನ್ನು ಮತ್ತೆ ಕೂರಿಸಲು ಬಡಗಿ ಬಂದಿದ್ದಾನೆ ಎಂದರು.

"ವಾಪಸ್ ಕಳಿಸಿ," ಎಂದರು ಪಶುಪತಿ. "ಇನ್ನು ಮೇಲೆ ಎಲ್ಲ ಹಾಡನ್ನೂ ಹೊಸದಾಗಿ ಅಳೆಯೋಣ. ಆ ನಾಲ್ಕು ಸಾವಿರಾನೂ, ಪುಸ್ತಕಕ್ಕಲ್ಲ, ನಮಗೆ ಗೊತ್ತಾಗಕ್ಕೆ. ಬೆಳ್ಳಿ ಅಂಗಿಯವನದು ಬೇಡ, ಅವನದಾಗಿದೆ." ಆಮೇಲೆ ಛತ್ರಿ ಹಿಡಿದು ಬಿಸಿಲಿಗೆ ಇಳಿದರು.

ಅಗ್ರಹಾರದ ಸರ್ಕಲ್ಲಿನಲ್ಲಿ ಮುನ್ನೂರಲ್ಲ, ಸಾವಿರಕ್ಕೆ ಕಡಿಮೆಯಿಲ್ಲ. ಸವಾರರ ಹೆಲ್ಮೆಟ್ಟುಗಳ ಮೇಲೆ ಹಸಿರು ಮೊಹರಿನ ಆದೇಶದ ಪ್ರತಿ ಅಂಟಿಸಿತ್ತು. ಸಿಟಿ ಬಸ್ಸಿನ ಡ್ರೈವರುಗಳು ಇಳಿದಿದ್ದರು, ಹೂವಿನವರು ಬುಟ್ಟಿ ಪಕ್ಕಕ್ಕಿಟ್ಟಿದ್ದರು. ಕಂಪನಿಯ ದೂರಿನ ಮೇಲೆ ಬಂದ ಇನ್ಸ್‌ಪೆಕ್ಟರ್ ಒಬ್ಬರು ಆದೇಶವನ್ನು ಅಕ್ಷರ ಅಕ್ಷರ ಓದಿ, ನಿರುಪದ್ರವಿ ಅಂತ ಸರ್ಕಾರವೇ ಹೇಳಿದ ಮೇಲೆ ನಾನೇನ್ ಮಾಡ್ಲಿ ಎಂದು ಟೋಪಿ ತೆಗೆದು ನೆರಳಿಗೆ ನಿಂತಿದ್ದರು. ಹಾಡಿದ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವಂತಿರಲಿಲ್ಲ. ಹಾಡು ಕೇಳಿ ನಿಂತರು ಎನ್ನುವಂತೆಯೂ ಇರಲಿಲ್ಲ. ಆ ಹಾಡಿನಿಂದ ಏನೂ ಆಗುವುದಿಲ್ಲ ಎಂದು ರಾಜ್ಯದ ಅತಿ ದೊಡ್ಡ ತಜ್ಞರೇ ಹೇಳಿಯಾಗಿತ್ತು.

ಇಳಾ ಅಪ್ಪನನ್ನು ದೂರದಿಂದ ನೋಡಿದಳು. ಗುಂಪಿನ ನಡುವಿನಿಂದ ದಾರಿ ಮಾಡಿಕೊಂಡು ಬಂದು ಎದುರಿಗೆ ನಿಂತಳು. ಹದಿನಾಲ್ಕನೆಯ ಕಲಮನ್ನು ಅವಳೂ ಓದಿದ್ದಳು, ಅದನ್ನು ಬರೆದವರು ಯಾರೆಂಬುದೂ ಗೊತ್ತಿತ್ತು. ಆದರೂ ಕಣ್ಣಿನಲ್ಲಿ ಸಮಿತಿಯವರ ಆ ದಿನದ ನಗು ಇನ್ನೂ ಚುಚ್ಚುತ್ತಿತ್ತು.

"ಅವತ್ತು ಹೇಳಿದ್ದೆಲ್ಲ ನಿಜಾನಾ?"

"ಅರ್ಧ."

"ಯಾವ ಅರ್ಧ?"

"ಎರಡನೇ ಸಾಲಲ್ಲಿ ಶ್ರುತಿ ನಿಜವಾಗ್ಲೂ ಕೆಟ್ಟದಾಗಿದೆ. ಮನೇಲಿ ಕೀಬೋರ್ಡ್ ಇದೆ, ಅಟ್ಟದ ಮೇಲೆ. ತೆಗೆದುಕೊಡ್ತೀನಿ."

ಅವಳು ನಗಲಿಲ್ಲ. "ನಂಬರು?"

ಪಶುಪತಿ ಸುತ್ತ ನೋಡಿದರು. ಇನ್ಸ್‌ಪೆಕ್ಟರ್ ಬೆವರು ಒರೆಸಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಪರೀಕ್ಷೆಯ ಹಾಲುಗಳಲ್ಲಿ ಮಕ್ಕಳ ಕಿವಿ ಹಿಂಡಿದ್ದ ಮನುಷ್ಯ, ಪಕ್ಕದವನಿಗೆ ಉತ್ತರ ದಾಟಿಸುವ ಹುಡುಗನಂತೆ, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಮಗಳ ಕಿವಿಯ ಹತ್ತಿರ ಬಾಗಿದರು.

"ಎಪ್ಪತ್ತೊಂದು," ಎಂದರು.

ಇಳಾ ಅಪ್ಪನ ಕೈಯಲ್ಲಿದ್ದ ಛತ್ರಿಯನ್ನು ತೆಗೆದುಕೊಂಡು ಇಬ್ಬರಿಗೂ ಆಗುವಂತೆ ಹಿಡಿದಳು. ಹನ್ನೆರಡಾಯಿತು. ಎರಡನೆಯ ಸಾಲಿನಲ್ಲಿ ಸಾವಿರ ಜನರ ಶ್ರುತಿಯೂ ಒಟ್ಟಿಗೆ ಕೆಟ್ಟಿತು, ಪಶುಪತಿ ಮುಖ ಕಿವುಚಿದರು, ಹನ್ನೆರಡು ನಿಮಿಷ ಅಲ್ಲಿಂದ ಕದಲಲಿಲ್ಲ.